ಶೋರೂಂ ಒಳಗೆ ಹನ್ನೊಂದು ವರ್ಷ ಇದ್ದವನು ಗಿರಾಕಿಯಾಗಿ ಹೋದಾಗ: ಹುಬ್ಬಳ್ಳಿಯ ಎರಡು ಕಾರ್ ಡೀಲರ್‌ಗಳ ಬಗ್ಗೆ

2025ರ ದೀಪಾವಳಿ ಪಾಡ್ಯಕ್ಕೆ ನಮ್ಮ ಸೋದರಮಾವ ಹೊಸ ಕಾರು ತೆಗೆದುಕೊಂಡರು. ಅಣ್ಣಿಗೇರಿಯವರು, ಹತ್ತಿ, ಕಡಲೆ ಬೆಳೆಯುವ ಒಕ್ಕಲುತನದ ಮನೆ. ಜೊತೆಗೆ ಹೋದವನು ನಾನು. ಹುಬ್ಬಳ್ಳಿ ಗೋಕುಲ ರೋಡಿನ ಸುತ್ತಮುತ್ತ ಎರಡು ಶೋರೂಂ ನೋಡಿದೆವು. ಒಂದರಿಂದ ಎದ್ದು ಬಂದೆವು, ಇನ್ನೊಂದರಲ್ಲಿ ಗಾಡಿ ತೆಗೆದುಕೊಂಡೆವು. ಎರಡರ ಹೆಸರೂ ಬರೆಯುವುದಿಲ್ಲ. ಯಾಕೆಂದರೆ ನಾನೂ ಇಂಥದ್ದೇ ಒಂದು ಶೋರೂಂನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ, ಮೊದಲ ಏಳು ವರ್ಷ ಸರ್ವಿಸ್ ಅಡ್ವೈಸರ್, ಆಮೇಲೆ ನಾಲ್ಕು ವರ್ಷ ಸೇಲ್ಸ್. ಒಂದು ಬೋರ್ಡಿನ ಹೆಸರು ಹೇಳಿ ಬೈದರೆ ಉಳಿದವರೆಲ್ಲ ಸಾಚಾ ಅನ್ನಿಸಿಬಿಡುತ್ತದೆ. ಹಾಗೇನಿಲ್ಲ. ಈಗ ಆ ಕೆಲಸ ಬಿಟ್ಟಿದ್ದೇನೆ, ಯಾರ ಕಮಿಷನ್ನೂ ನನಗೆ ಬರುವುದಿಲ್ಲ.

ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿದಿತ್ತಲ್ಲ, ಮೊದಲು 28 ಇತ್ತು, ಮೇಲೆ ಸೆಸ್ ಬೇರೆ. ಹಾಗಾಗಿ ಖಂಡೇನವಮಿಯಿಂದಲೇ ಶೋರೂಂಗಳಲ್ಲಿ ಜಾತ್ರೆ. ನಾವು ಹೋದ ದಿನ ನಿಲ್ಲಲು ಜಾಗ ಇರಲಿಲ್ಲ.

ಮೊದಲನೇ ಶೋರೂಂ ನೋಡಲು ಚಂದವಿತ್ತು. ಕಾಲಿಟ್ಟ ಕೂಡಲೇ ನೀರು ಬಂತು, ಚಹಾ ಬಂತು, ಮಾಮಾಗೆ ಕೂರಲು ಸೋಫಾ. ಮಾತಾಡಿಸಿದ ಹುಡುಗ ಇಪ್ಪತ್ನಾಲ್ಕು ಇಪ್ಪತ್ತೈದರವನು, ಮರ್ಯಾದಸ್ತ. ಬಜೆಟ್ ಕೇಳಿದ. ಬಣ್ಣ ಕೇಳಿದ. ಲೋನ್ ಬೇಕಾ, ಹಳೆ ಗಾಡಿ ಎಕ್ಸ್‌ಚೇಂಜ್ ಇದೆಯಾ ಅಂತ ಕೇಳಿದ. ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಎಂಥ ರಸ್ತೆ, ಮನೆಯಲ್ಲಿ ಯಾರು ಯಾರು ಓಡಿಸುತ್ತಾರೆ, ಇದನ್ನು ಮಾತ್ರ ಕೇಳಲಿಲ್ಲ. ನನ್ನ ಮನಸ್ಸು ಅಲ್ಲೇ ಹಿಂದೆ ಸರಿಯಿತು.

ಆಮೇಲೆ ಕೊಟೇಶನ್ ಬಂತು. ಅದರ ಒಂದೊಂದು ಸಾಲೂ ನನಗೆ ಗೊತ್ತು, ನಾನೇ ಎಷ್ಟೋ ಜನರಿಗೆ ಬರೆದುಕೊಟ್ಟಿದ್ದೇನೆ. ಎಕ್ಸ್ ಶೋರೂಂ, ಅಂದರೆ ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಬೆಲೆ, 8,49,000. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಗಾಡಿಗೆ ಲೈಫ್ ಟ್ಯಾಕ್ಸ್ 14 ಪರ್ಸೆಂಟ್, ಅಂದರೆ 1,18,860, ಅದರ ಮೇಲೆ ಸೆಸ್. ಟ್ಯಾಕ್ಸ್ ಸರ್ಕಾರದ ಲೆಕ್ಕ, ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ಕೆಳಗಿನ ಸಾಲುಗಳನ್ನು ನೋಡಬೇಕು. ಇನ್ಶೂರೆನ್ಸ್ 46,200. ಅಕ್ಸೆಸರಿಗಳ ಎಸೆನ್ಷಿಯಲ್ ಕಿಟ್ 21,000. ಬಣ್ಣಕ್ಕೆ ಟೆಫ್ಲಾನ್ ಮತ್ತು ಅಡಿಭಾಗ ತುಕ್ಕು ಹಿಡಿಯದಂತೆ ಅಂಡರ್‌ಬಾಡಿ ಕೋಟಿಂಗ್ 11,500. ಕೊನೆಗೆ ಸಣ್ಣ ಅಕ್ಷರದಲ್ಲಿ ಲಾಜಿಸ್ಟಿಕ್ಸ್ ಅಂಡ್ ಹ್ಯಾಂಡ್ಲಿಂಗ್ 9,500.

ಮಾಮಾ ಕನ್ನಡಕ ಏರಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ತಮ್ಮಾ, ಗಾಡಿ ನಾವ ಹೊಡಕೊಂಡು ಹೋಗಾವ್ರು. ನೀವೇನ್ ಹ್ಯಾಂಡ್ಲಿಂಗ್ ಮಾಡ್ತೀರಿ?"

"ಯಾರ್ಡಿಂದ ತರೋ ಖರ್ಚ್ ರೀ ಕಾಕಾರ. ಎಲ್ಲಾರ್ಗೂ ಐತ್ರಿ."

ಫ್ಯಾಕ್ಟರಿಯಿಂದ ಶೋರೂಂ ತನಕ ಗಾಡಿ ತರುವ ಖರ್ಚು ಎಕ್ಸ್ ಶೋರೂಂ ಬೆಲೆಯಲ್ಲೇ ಸೇರಿರುತ್ತದೆ. ಇದು ಗಿರಾಕಿಯ ಮೇಲೆ ಎರಡನೇ ಸಲ ಹಾಕುವ ದುಡ್ಡು. ಕೇಳಿದವರಿಗೆ ತೆಗೆಯುತ್ತಾರೆ, ಕೇಳದವರು ಕೊಡುತ್ತಾರೆ. ಊರಿಂದ ಬಂದ, ಇಂಗ್ಲಿಷ್ ಓದಲು ಕಷ್ಟವಾಗುವ ರೈತರೇ ಇದನ್ನು ಜಾಸ್ತಿ ಕೊಟ್ಟಿದ್ದಾರೆ. ಅದನ್ನು ಕಣ್ಣಾರೆ ನೋಡಿದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಒಳಗಿನ ಲೆಕ್ಕ ಹೀಗಿದೆ. ಡೀಲರ್ ಗಾಡಿಯನ್ನು ಕಂಪನಿಯಿಂದ ಬ್ಯಾಂಕಿನ ದುಡ್ಡಲ್ಲಿ ತಂದಿರುತ್ತಾನೆ, ಯಾರ್ಡಿನಲ್ಲಿ ನಿಂತಷ್ಟು ದಿನ ಬಡ್ಡಿ ಓಡುತ್ತದೆ. ಗಾಡಿ ಮಾರಿದರೆ ಉಳಿಯುವ ಮಾರ್ಜಿನ್ ಜನ ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು, ಅದರಲ್ಲೂ ಡಿಸ್ಕೌಂಟ್ ಹೋಗುತ್ತದೆ. ಹಾಗಾಗಿ ಲಾಭ ಇನ್ಶೂರೆನ್ಸ್, ಲೋನ್, ಅಕ್ಸೆಸರಿ, ಎಕ್ಸ್‌ಚೇಂಜ್ ಗಾಡಿ, ಆಮೇಲೆ ಸರ್ವಿಸ್, ಇವುಗಳಿಂದ ಬರಬೇಕು. ನಮ್ಮ ಬೆಳಗಿನ ಮೀಟಿಂಗಿನಲ್ಲಿ ನಿನ್ನೆ ಎಷ್ಟು ಗಾಡಿ ಹೋಯಿತು ಅಂತ ಒಂದು ಸಲ ಕೇಳಿದರೆ, ಎಷ್ಟು ಗಾಡಿಗೆ ನಮ್ಮ ಇನ್ಶೂರೆನ್ಸ್ ಆಯಿತು, ಎಷ್ಟಕ್ಕೆ ಕಿಟ್ ಹತ್ತಿತು ಅಂತ ಮೂರು ಸಲ ಕೇಳುತ್ತಿದ್ದರು. ಹೊರಗಡೆ ಇನ್ಶೂರೆನ್ಸ್ ಮಾಡಿಸಿದ ಗಾಡಿಗೆ ಇನ್ಸೆಂಟಿವ್ ಕಡಿತ. ಹುಡುಗ ಏನು ಮಾಡಬೇಕು ಹೇಳಿ. ಮನೆ ಬಾಡಿಗೆ ಅವನಿಗೂ ಇದೆ.

ಇನ್ಶೂರೆನ್ಸ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ದುಡ್ಡು ಇಲ್ಲೇ ಜಾಸ್ತಿ ಸೋರುತ್ತದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ಇನ್ಶೂರೆನ್ಸ್, ಕಡ್ಡಾಯ. ಅದರ ದರ ಸರ್ಕಾರ ನಿಗದಿ ಮಾಡಿದ್ದು, ಎಲ್ಲಿ ಮಾಡಿಸಿದರೂ ಒಂದೇ. 2022ರಲ್ಲಿ ನಿಗದಿಯಾದ ಪ್ರಕಾರ 1000ದಿಂದ 1500 ಸಿಸಿ ಕಾರಿಗೆ ಮೂರು ವರ್ಷಕ್ಕೆ ಸೇರಿ 10,640, ಮೇಲೆ ಟ್ಯಾಕ್ಸ್. ವ್ಯತ್ಯಾಸ ಬರುವುದು ಉಳಿದ ಭಾಗದಲ್ಲಿ, ಅಂದರೆ ಒಂದು ವರ್ಷದ ಸ್ವಂತ ಗಾಡಿ ಡ್ಯಾಮೇಜ್ ಮತ್ತು ಝೀರೋ ಡೆಪ್ (ಪಾರ್ಟಿನ ಹಳತನಕ್ಕೆ ದುಡ್ಡು ಕಡಿಯದ ಕವರ್) ಥರದ ಆಡ್ ಆನ್‌ಗಳಲ್ಲಿ. ನಾನು ಅಲ್ಲೇ ಕೂತು ಮೊಬೈಲಿನಲ್ಲಿ ಅದೇ ಐಡಿವಿ (ಗಾಡಿ ಕಳುವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ), ಅದೇ ಆಡ್ ಆನ್ ಹಾಕಿ ನೋಡಿದೆ, 31,400 ಬಂತು. ಐಡಿವಿ ಒಂದೇ ಇರಬೇಕು, ಇದನ್ನು ಮರೆಯಬೇಡಿ. ಅದನ್ನು ಕಡಿಮೆ ಮಾಡಿದರೆ ಪ್ರೀಮಿಯಂ ತಾನೇ ಇಳಿಯುತ್ತದೆ, ಗಾಡಿ ಕಳುವಾದ ದಿನ ನಷ್ಟ ನಿಮಗೆ. ಹೊರಗೆ ಮಾಡಿಸಿದರೆ ನಮ್ಮಲ್ಲಿ ಕ್ಯಾಶ್‌ಲೆಸ್ ಆಗುವುದಿಲ್ಲ, ಅಂದರೆ ರಿಪೇರಿ ಬಿಲ್ಲನ್ನು ಇನ್ಶೂರೆನ್ಸ್ ಕಂಪನಿ ನೇರ ನಮಗೆ ಕಟ್ಟುವುದಿಲ್ಲ ಅಂತ ಹುಡುಗ ಹೇಳಿದ. ಇದೇ ಮಾತನ್ನು ನನಗೂ ಕಲಿಸಿದ್ದರು. ಕ್ಯಾಶ್‌ಲೆಸ್ ಆಗುವುದು ಬಿಡುವುದು ಆ ಇನ್ಶೂರೆನ್ಸ್ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದ ಇದೆಯಾ ಅನ್ನುವುದರ ಮೇಲೆ. ಪಾಲಿಸಿ ಯಾರ ಕೈಯಿಂದ ತಗೊಂಡಿರಿ ಅನ್ನುವುದು ಅಲ್ಲಿ ಬರುವುದೇ ಇಲ್ಲ.

ಕಿಟ್, ಕೋಟಿಂಗ್, ಹ್ಯಾಂಡ್ಲಿಂಗ್, ಇನ್ಶೂರೆನ್ಸಿನ ವ್ಯತ್ಯಾಸ ಎಲ್ಲ ಕೂಡಿಸಿದರೆ 56,800 ರೂಪಾಯಿ. ಅಂಡರ್‌ಬಾಡಿ ಕೋಟಿಂಗ್ ಕಾರವಾರ ಕಡೆ ಸಮುದ್ರದ ಗಾಳಿಗೆ ನಿಲ್ಲುವ ಗಾಡಿಗೆ ಉಪಯೋಗ. ಅಣ್ಣಿಗೇರಿ, ನವಲಗುಂದ, ಗದಗ ಕಡೆಯ ಒಣ ಹವೆಗೆ ಅದಕ್ಕೆ ದುಡ್ಡು ಹಾಕುವ ಬದಲು ಮಳೆಗಾಲದಲ್ಲಿ ಎರಿ ಮಣ್ಣು ಅಡಿಯಲ್ಲಿ ಗಟ್ಟಿಯಾಗುವ ಮೊದಲು ತೊಳೆಸಿದರೆ ಸಾಕು. ಹತ್ತಿ, ಕಾಳು ತುಂಬಿಡುವ ಮನೆಯ ಪಕ್ಕ ಗಾಡಿ ನಿಲ್ಲಿಸುವವರು ಬಾನೆಟ್ ಕೆಳಗೆ ಇಲಿ ಬರದಂತೆ ಜಾಳಿಗೆ ಹಾಕಿಸಿ. ಇಲಿ ಕಡಿದ ವೈರಿಂಗಿಗೆ ನಾನು ಜಾಬ್ ಕಾರ್ಡ್ (ರಿಪೇರಿ ಕೆಲಸದ ಚೀಟಿ) ಬರೆದದ್ದಕ್ಕೆ ಲೆಕ್ಕವೇ ಇಲ್ಲ.

ಇನ್ನೊಂದು ಮಾತು ಅಲ್ಲೂ ಬಂತು, ಎಲ್ಲ ಕಡೆಯೂ ಬರುತ್ತದೆ: "ಇನ್ನ ಸ್ವಲ್ಪ ಹಾಕಿದ್ರ ಟಾಪ್ ಮಾಡೆಲ್ ಬರ್ತೈತ್ರಿ." ಬೆಲೆ 10 ಲಕ್ಷದ ಅಂಚಿನಲ್ಲಿದ್ದಾಗ ಈ ಸ್ವಲ್ಪ ಅನ್ನುವುದು ಬಹಳ ದುಬಾರಿ. 9,95,000ದ ಗಾಡಿಗೆ ಟ್ಯಾಕ್ಸ್ 14 ಪರ್ಸೆಂಟ್, 1,39,300. 10,05,000ಕ್ಕೆ ಹೋದರೆ 17 ಪರ್ಸೆಂಟ್, 1,70,850. ಗಾಡಿಗೆ ಹತ್ತು ಸಾವಿರ ಜಾಸ್ತಿ, ಟ್ಯಾಕ್ಸಿಗೆ ಮೂವತ್ತೊಂದೂವರೆ ಸಾವಿರ ಜಾಸ್ತಿ. ಜೊತೆಗೆ 1 ಪರ್ಸೆಂಟ್ ಟಿಸಿಎಸ್, ಅಂದರೆ ಡೀಲರ್ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಕಟ್ಟಬೇಕು, ಅದು ಐಟಿ ರಿಟರ್ನ್ ಹಾಕುವವರಿಗೆ ವಾಪಸ್ ಸಿಗುತ್ತದೆ ಅನ್ನಿ. ಲೋನಿನಲ್ಲೂ ಇದೇ ಥರ. 6 ಪರ್ಸೆಂಟ್ ಅಂತಾರೆ, ಫ್ಲಾಟ್ ಅನ್ನುವುದನ್ನು, ಅಂದರೆ ಅಸಲು ತೀರುತ್ತ ಬಂದರೂ ಮೊದಲಿನ ಪೂರ್ತಿ ಸಾಲಕ್ಕೇ ಬಡ್ಡಿ ಅನ್ನುವುದನ್ನು, ನುಂಗುತ್ತಾರೆ. ಐದು ವರ್ಷಕ್ಕೆ 6 ಫ್ಲಾಟ್ ಅಂದರೆ ನಿಜವಾದ ಬಡ್ಡಿ 11ರ ಹತ್ತಿರ.

ಕೊನೆಗೆ ನಾನು ಒಂದೇ ಪ್ರಶ್ನೆ ಕೇಳಿದೆ. ನಮಗೆ ಕೊಡುವ ಗಾಡಿಯ ಚಾಸಿ ನಂಬರ್ ಕೊಡಿ, ಯಾರ್ಡಿಗೆ ಹೋಗಿ ನೋಡಿ ಬರುತ್ತೇವೆ, ಆಮೇಲೆ ಪೇಮೆಂಟ್. ಹುಡುಗ ಒಳಗೆ ಹೋಗಿ ಬಂದ. ಪೂರ್ತಿ ದುಡ್ಡು ಕಟ್ಟಿದ ಮೇಲೇನೇ ಅಲಾಟ್ ಆಗುವುದು, ಸಿಸ್ಟಮ್ ಹಾಗಿದೆ ಅಂದ. ಅಂಥ ಸಿಸ್ಟಮ್ ಇಲ್ಲ. ಸ್ಟಾಕಿನಲ್ಲಿರುವ ಪ್ರತಿ ಗಾಡಿಯ ಚಾಸಿ ನಂಬರ್, ಬಂದ ತಾರೀಖು ಎಲ್ಲ ಕಂಪ್ಯೂಟರಿನಲ್ಲಿ ಕಾಣುತ್ತದೆ, ಯಾವುದು ಎಷ್ಟು ದಿನದಿಂದ ನಿಂತಿದೆ ಅನ್ನುವ ಪಟ್ಟಿಯೂ ಇರುತ್ತದೆ. ಆ ಪಟ್ಟಿಯ ಮೇಲಿನ ಗಾಡಿಯನ್ನೇ ಮೊದಲು ದಾಟಿಸಬೇಕು ಅಂತ ಮ್ಯಾನೇಜರ್ ಹೇಳಿರುತ್ತಾರೆ. ಮಾಮಾ ಚಹಾದ ಕಪ್ಪು ಕೆಳಗಿಟ್ಟು ಎದ್ದರು.

ಎರಡನೇ ಶೋರೂಂ ಬಗ್ಗೆ ಬರೆಯುವ ಮೊದಲು ಒಂದು ಹಳೆಯ ವಿಷಯ ಹೇಳಲೇಬೇಕು. ಮಾಮಾಗೆ ಯಾವ ಗಾಡಿ ಅಂತ ನಿರ್ಧಾರ ಮಾಡಿದ್ದು ಅದರಿಂದಲೇ.

2021ರ ಮಾರ್ಚ್ ಕೊನೆ. ನಮ್ಮ ಯಾರ್ಡಿನಲ್ಲಿ ಡೀಸೆಲ್ ಗಾಡಿಗಳು ನಿಂತಿದ್ದವು, ಟಾರ್ಗೆಟ್ಟಿಗೆ ಎರಡು ಕಡಿಮೆ. ಕುಂದಗೋಳ ಕಡೆಯ ಒಬ್ಬ ಮಾಸ್ತರರು ಬಂದರು. ಮನೆಯಿಂದ ಶಾಲೆಗೆ 6 ಕಿಲೋಮೀಟರ್, ವಾರಕ್ಕೊಮ್ಮೆ ಸಂತೆ. ಪೆಟ್ರೋಲ್ ಸಾಕು ಅಂತ ಅವರೇ ಹೇಳಿದ್ದರು. ನಾನು ಡೀಸೆಲ್ ಛಲೋ, ಮೈಲೇಜ್ ಜಾಸ್ತಿ, ಎಳೆಯುವ ಶಕ್ತಿ ಜಾಸ್ತಿ ಅಂತ ಒಪ್ಪಿಸಿದೆ. ಏಳು ವರ್ಷ ವರ್ಕ್‌ಶಾಪಿನಲ್ಲಿ ಇದ್ದವನು ನಾನು. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆಯ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ, ಹೊಗೆಯ ಮಸಿ ಅದರಲ್ಲಿ ಕೂರುತ್ತದೆ, ಆ ಮಸಿ ಸುಟ್ಟು ಹೋಗಲು ಫಿಲ್ಟರ್ 600 ಡಿಗ್ರಿ ಆಸುಪಾಸು ಕಾಯಬೇಕು, ಅದಕ್ಕೆ ಗಾಡಿ ಹೈವೇಯಲ್ಲಿ ಒಂದೇ ವೇಗದಲ್ಲಿ ಕಾಲು ಗಂಟೆಯಾದರೂ ಓಡಬೇಕು, ಇದೆಲ್ಲ ನನಗೆ ಗೊತ್ತಿತ್ತು. 6 ಕಿಲೋಮೀಟರಿನ ಶಾಲೆಯ ದಾರಿಯಲ್ಲಿ ಇಂಜಿನ್ ಬಿಸಿಯಾಗುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ.

ಎಂಟು ತಿಂಗಳಿಗೆ ಗಾಡಿ ಟೋಯಿಂಗ್ ಮೇಲೆ ಬಂತು. ಪಿಕಪ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಲೈಟು. ನಾನು ಸೇಲ್ಸಿನಿಂದ ಕೆಳಗೆ ವರ್ಕ್‌ಶಾಪಿಗೆ ಇಳಿದು ಹೋದೆ. ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ತೆಗೆದೆ. ಆಯಿಲ್ ಮೇಲಿನ ಗುರುತು ದಾಟಿ ಬೆರಳಗಲ ಏರಿತ್ತು. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ. ಮಸಿ ಸುಡಲು ಗಾಡಿ ತಾನಾಗಿ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ, ಅರ್ಧಕ್ಕೇ ಗಾಡಿ ಆಫ್ ಮಾಡಿದರೆ ಆ ಡೀಸೆಲ್ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ, ಇಂಜಿನ್ ಸವೆಯುತ್ತದೆ. ಓಡಿಸುವ ರೀತಿಯ ತಪ್ಪು ಅಂತ ಬರೆದು ವಾರಂಟಿ ಕೊಡಲಿಲ್ಲ. ಬಿಲ್ ಅವರ ಒಂದು ತಿಂಗಳ ಪಗಾರಕ್ಕಿಂತ ಜಾಸ್ತಿ ಆಯಿತು.

ಮಾಸ್ತರರು ಜೋರು ಮಾಡಲಿಲ್ಲ. "ನೀವ ಹೇಳಿದ್ರೆಲ್ರೀ, ಡೀಸೆಲ್ ಛಲೋ ಅಂತ" ಅಂದರು, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ. ಆ ಇಂಜಿನ್ ಕೆಟ್ಟದ್ದಲ್ಲ. ಅದೇ ಗಾಡಿ ತಗೊಂಡು ದಿನಾ ಹಾವೇರಿ, ರಾಣೆಬೆನ್ನೂರು ಅಂತ ಹೈವೇ ಓಡಿಸುವವರು ಲಕ್ಷ ಕಿಲೋಮೀಟರ್ ದಾಟಿಸಿ ಆರಾಮಾಗಿದ್ದರು. ಅವರ ದಾರಿಗೆ ಅದು ಹೊಂದುವ ಗಾಡಿ, ಮಾಸ್ತರರ ದಾರಿಗೆ ಹೊಂದುವುದಿಲ್ಲ.

ಯಾವ ಕಂಪನಿ ಗಾಡಿ ಬಾಳಿಕೆ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನಾನು ತಿರುಗಿ ಕೇಳುವುದು ನಿಮ್ಮ ದಾರಿ ಯಾವುದು ಅಂತ. ಊರೊಳಗೆ, ಹೊಲಕ್ಕೆ, ವಾರಕ್ಕೊಮ್ಮೆ ಹುಬ್ಬಳ್ಳಿಗೆ ಅನ್ನುವವರಿಗೆ ಟರ್ಬೋ ಇಲ್ಲದ 1.2 ಲೀಟರ್ ಪೆಟ್ರೋಲ್, ಮ್ಯಾನುವಲ್ ಗೇರು. ವರ್ಕ್‌ಶಾಪಿಗೆ ಆಯಿಲ್ ಬದಲಿಸಲು ಬಿಟ್ಟರೆ ಬೇರೆ ಕೆಲಸಕ್ಕೆ ಅಪರೂಪಕ್ಕೆ ಬರುವ ಗಾಡಿಗಳೆಂದರೆ ಇವೇ. ಹುಬ್ಬಳ್ಳಿ ಧಾರವಾಡ ದಿನಾ ಓಡಾಡುವವರು ಸಿಎನ್‌ಜಿ ನೋಡಬಹುದು, ಫ್ಯಾಕ್ಟರಿಯಲ್ಲೇ ಕೂರಿಸಿದ್ದು ತಗೊಳ್ಳಿ, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಮಾಡಿಸಬೇಕು, ಬಹಳಷ್ಟು ಗಾಡಿಗಳಲ್ಲಿ ಡಿಕ್ಕಿ ಜಾಗ ಹೋಗುತ್ತದೆ. ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರು ತಾನೇ ಬದಲಿಸುವ ಗಾಡಿ ಊರಲ್ಲಿ ಸುಖ. ಆದರೆ ಯಲ್ಲಾಪುರ ದಾಟಿ ಅರಬೈಲ್ ಘಾಟಿನ ಏರಿನಲ್ಲಿ ಲಾರಿ ಹಿಂದೆ ನಿಂತಾಗ ಬ್ರೇಕ್ ಬಿಟ್ಟು ಅಕ್ಸಿಲರೇಟರ್ ಮೇಲೆ ಗಾಡಿ ಹಿಡಿದು ನಿಲ್ಲಿಸಿದರೆ ಕ್ಲಚ್ ಸುಡುತ್ತದೆ. ಯಾವ ಸೇಲ್ಸ್ ಹುಡುಗನೂ ಟೆಸ್ಟ್ ಡ್ರೈವ್‌ನಲ್ಲಿ ಇದನ್ನು ಹೇಳುವುದಿಲ್ಲ. ಹೊಸ ಮಾಡೆಲ್ ಬಿಡುಗಡೆಯಾದ ಮೊದಲ ವರ್ಷ ತಗೊಳ್ಳಬೇಡಿ, ಸಾಫ್ಟ್‌ವೇರ್, ಸಣ್ಣಪುಟ್ಟ ಪಾರ್ಟು ಎಲ್ಲ ಆ ವರ್ಷವೇ ಬದಲಾಗುತ್ತಿರುತ್ತವೆ. ಇನ್ನೂ ಅನುಮಾನವಿದ್ದರೆ ಹುಬ್ಬಳ್ಳಿ ರೈಲ್ವೆ ಸ್ಟೇಷನ್ ಮುಂದೆ ಹಳದಿ ಬೋರ್ಡಿನ ಗಾಡಿಯವರನ್ನು ಕೇಳಿ. ಮೀಟರ್ ತೋರಿಸಿ, ಎಷ್ಟಕ್ಕೆ ಕ್ಲಚ್ ಹೋಯಿತು, ಎಷ್ಟಕ್ಕೆ ಸಸ್ಪೆನ್ಷನ್ ಹೋಯಿತು ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಅವರಷ್ಟು ನಿಜವಾದ ರಿವ್ಯೂ ಬೇರೆ ಯಾರೂ ಕೊಡುವುದಿಲ್ಲ.

ಸರಿ, ಎರಡನೇ ಶೋರೂಂ. ಸಣ್ಣದು. ಚಹಾ ಬಂದಿದ್ದು ಅರ್ಧ ಗಂಟೆಗೆ. ಟೀಮ್ ಲೀಡರ್ ಒಬ್ಬ ಹೆಣ್ಣುಮಗಳು. ಬಂದು ಕೂತವಳೇ "ದಿನಾ ಎಷ್ಟ್ ದೂರ ಹೋಗ್ತೀರಿ ಕಾಕಾರ?" ಅಂತ ಕೇಳಿದಳು. ನಾನು ಮಾಮಾ ಮುಖ ನೋಡಿದೆ. ಹೊಲ 4 ಕಿಲೋಮೀಟರ್ ಅಂದಾಗ, ಹಂಗಾದ್ರ ಪೆಟ್ರೋಲ್ ಸಾಕ್ರಿ ಅಂದಳು. ಕೊಟೇಶನ್‌ನಲ್ಲಿ ಇಲ್ಲೂ ಹ್ಯಾಂಡ್ಲಿಂಗ್ ಸಾಲು ಇತ್ತು, 6,000. ಕೇಳಿದೆವು, ಪೆನ್ನಿನಲ್ಲಿ ಹೊಡೆದು ಸಹಿ ಹಾಕಿ ಸೀಲು ಒತ್ತಿಕೊಟ್ಟಳು. ಕೇಳದೇ ಇದ್ದಿದ್ದರೆ ಕಟ್ಟುತ್ತಿದ್ದೆವು ಅಲ್ವಾ, ಆ ಲೆಕ್ಕಕ್ಕೆ ಇವರಿಗೂ ಅಂಕ ಕಡಿಮೆಯೇ. ಇನ್ಶೂರೆನ್ಸ್ ಹೊರಗೆ ಮಾಡಿಸುತ್ತೇವೆ ಅಂದದ್ದಕ್ಕೆ ಮುಖ ಸ್ವಲ್ಪ ಸಣ್ಣದಾಯಿತು, ಬೇಡ ಅನ್ನಲಿಲ್ಲ.

ಚಾಸಿ ನಂಬರ್ ವಾಟ್ಸಾಪಿಗೆ ಬಂತು. ಯಾರ್ಡು ಗಬ್ಬೂರು ಬೈಪಾಸ್ ಕಡೆ. ಮರುದಿನ ಬೆಳಿಗ್ಗೆ ಹೋದೆವು. ಬಾಗಿಲು ತೆಗೆದು ಪಿಲ್ಲರ್ ಮೇಲಿನ ತಗಡಿನ ಪಟ್ಟಿಗೆ ಮೊಬೈಲ್ ಟಾರ್ಚ್ ಹಿಡಿದೆ. ಹದಿನೇಳು ಅಕ್ಷರದ ನಂಬರಿನಲ್ಲಿ ಹತ್ತನೆಯದು ಸಾಮಾನ್ಯವಾಗಿ ವರ್ಷ ಹೇಳುತ್ತದೆ, 2024ಕ್ಕೆ ಆರ್, 2025ಕ್ಕೆ ಎಸ್. ನಮ್ಮದಕ್ಕೆ ಎಸ್ ಇತ್ತು. ಆಮೇಲೆ ಮೊಣಕಾಲೂರಿ ಟೈರ್ ನೋಡಿದೆ. ಟೈರಿನ ಪಕ್ಕದಲ್ಲಿ ಸಣ್ಣ ಅಂಡಾಕಾರದ ಗುರುತಿನೊಳಗೆ ನಾಲ್ಕು ಅಂಕಿ ಇರುತ್ತವೆ, 2825 ಅಂತಿತ್ತು. 2025ರ 28ನೇ ವಾರದ ಟೈರ್. ನಾಲ್ಕೂ ನೋಡಿದೆ, ಡಿಕ್ಕಿಯ ಸ್ಟೆಪ್ನಿಯನ್ನೂ ನೋಡಿದೆ. ಮೀಟರ್ 31 ಕಿಲೋಮೀಟರ್.

ಬೇಲಿ ಪಕ್ಕ ಅದೇ ಬಣ್ಣದ ಇನ್ನೊಂದು ಗಾಡಿ ನಿಂತಿತ್ತು. ಚಕ್ರದ ಸುತ್ತ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. ಕೇಳಿದ್ದಕ್ಕೆ ಆಕೆ ಮುಚ್ಚಿಡಲಿಲ್ಲ. 2024ರದ್ದು, ಬೇಕಂದ್ರ ನಲವತ್ತು ಸಾವಿರ ಕಡಿಮಿ ಮಾಡ್ಸಿ ಕೊಡ್ತೀನ್ರಿ ಅಂದಳು. ಹೀಗೆ ಹೇಳಿ ಮಾರಿದರೆ ತಪ್ಪೇನಿಲ್ಲ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ಲಾಭವೇ, ಬ್ಯಾಟರಿ ಹೊಸದು ಹಾಕಿಸಿಕೊಂಡು ಟೈರ್ ಚೆಕ್ ಮಾಡಿಸಿ ತಗೊಳ್ಳಬಹುದು. ಹೇಳದೆ ಮಾರಿದರೆ ಮೋಸ, ಯಾಕೆಂದರೆ ನೀವು ತಿರುಗಿ ಮಾರುವ ದಿನ ಬೆಲೆ ಕಟ್ಟುವವರು ಆರ್‌ಸಿಯಲ್ಲಿರುವ ತಯಾರಾದ ತಿಂಗಳು, ವರ್ಷ ನೋಡುತ್ತಾರೆ. ಡೀಲರ್ ಕೊಡುವ ಮಾರಾಟದ ಸರ್ಟಿಫಿಕೇಟ್, ಫಾರ್ಮ್ 21ರಲ್ಲೂ ಅದು ಬರೆದಿರುತ್ತದೆ. ಆ ಕಾಗದ ಓದದೆ ಸಹಿ ಹಾಕಬೇಡಿ.

ದುಡ್ಡಿನ ವಿಷಯ. ಮಾಲು ಮಾರಿದ ರೊಕ್ಕ ಚೀಲದಲ್ಲಿ ತರುವವರು ಈಗಲೂ ಇದ್ದಾರೆ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ. ನಿಮ್ಮ ಹೆಂಡತಿ ಹೆಸರಲ್ಲಿ ಒಂದು ರಸೀದಿ, ಮಗನ ಹೆಸರಲ್ಲಿ ಒಂದು ಅಂತ ದಾರಿ ತೋರಿಸುವವರ ಮಾತು ಕೇಳಬೇಡಿ. ಬ್ಯಾಂಕಿನಿಂದ ನೇರ ಡೀಲರ್ ಕಂಪನಿಯ ಖಾತೆಗೆ ಹಾಕಿ, ಯಾವ ಹುಡುಗನ ಫೋನ್ ಪೇಗೂ ಬೇಡ.

ಪಾಡ್ಯದ ದಿನ ಡೆಲಿವರಿ ಹನ್ನೊಂದಕ್ಕೆ ಅಂದಿದ್ದರು, ಕೈಗೆ ಬಂದಾಗ ಎರಡೂವರೆ. ಅತ್ತಿ ಆರತಿ ತಟ್ಟೆ ಹಿಡಿದು ಕಾದು ಕಾದು ಸುಸ್ತಾದರು. ಒಂದೇ ದಿನ ಅಷ್ಟು ಗಾಡಿಗೆ ಮಾತು ಕೊಡುವುದು ಸರಿಯಲ್ಲ, ಗಡಿಬಿಡಿಯಲ್ಲಿ ನಮ್ಮ ಗಾಡಿಯ ಎರಡನೇ ಕೀ ಬೇರೆಯವರ ಕವರಿಗೆ ಹೋಗಿತ್ತು. ಪಾಲಿಸಿಯ ಮೇಲಿನ ಚಾಸಿ ನಂಬರ್, ಗಾಡಿಯ ಮೇಲಿನದು ಒಂದೇ ಇದೆಯಾ ಅಂತ ಅಲ್ಲೇ ನಿಂತು ಓದಿದೆವು. ನಂಬರ್ ಪ್ಲೇಟ್ ಹಾಕಿಯೇ ಕೊಟ್ಟರು. ಅಲ್ಲಿಂದ ಸಿದ್ಧಾರೂಢ ಮಠಕ್ಕೆ ಹೋಗಿ ನಿಂಬೆಹಣ್ಣು ಹತ್ತಿಸಿ ಊರಿಗೆ ಬಿಟ್ಟೆವು.

ಒಟ್ಟು ಹೇಳುವುದಾದರೆ ಎರಡನೇ ಶೋರೂಂನ ಸೇಲ್ಸಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಡೆಲಿವರಿಗೆ ಎರಡು. ಮೊದಲನೆಯದಕ್ಕೆ ಅಂಕ ಕೊಡುವ ಮಟ್ಟಿಗೆ ನಾವು ಹೋಗಲೇ ಇಲ್ಲ.

ಗಾಡಿ 1,000 ಕಿಲೋಮೀಟರ್ ಆದ ಮೇಲೆ ಮೊದಲ ಸರ್ವಿಸ್‌ಗೆ ಮಾಮಾ ಒಬ್ಬರೇ ಹೋಗಿದ್ದರು. ಒಂದು ತಿಂಗಳ ಗಾಡಿಗೆ ಎಸಿ ಕ್ಲೀನಿಂಗ್, ಇಂಜಿನ್ ಡ್ರೆಸ್ಸಿಂಗ್ (ಇಂಜಿನ್ ಒರೆಸಿ ಹೊಳಪು ಕೊಡುವುದು) ಎರಡೂ ಸೇರಿಸಿ 2,300ರ ಜಾಬ್ ಕಾರ್ಡ್ ಮುಂದೆ ಇಟ್ಟು ಸಹಿ ಕೇಳಿದರಂತೆ. ಸರ್ವಿಸ್ ಅಡ್ವೈಸರ್‌ಗೂ ಗಾಡಿಗೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ, ನನಗೂ ಇತ್ತು. ಮಾಮಾ ನನಗೆ ಫೋನ್ ಹಚ್ಚಿದರು, ಮಾಲೀಕರ ಕೈಪಿಡಿಯಲ್ಲಿ ಮೊದಲ ಸರ್ವಿಸ್ ಪುಟ ತೆಗೆದು ಅಡ್ವೈಸರ್ ಮುಂದೆ ಇಡಿ ಅಂದೆ. ಎರಡೂ ಸಾಲು ತೆಗೆದರು, ಬಿಲ್ ಸೊನ್ನೆ ಬಂತು. 10,000ದ ಸರ್ವಿಸ್‌ಗೆ ನಾನೇ ಜೊತೆಗೆ ಹೋಗುತ್ತೇನೆ. ಬಿಚ್ಚಿದ ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಡಿಕ್ಕಿಯಲ್ಲಿ ಹಾಕಿಕೊಡಿ ಅಂತ ಈಗಲೇ ಹೇಳಿಟ್ಟಿದ್ದೇವೆ.